ಏಳರ ಬಾಲ

ಸಾಮಾನಿನ ಯಾದಿ ಮರಾಠಿಯಲ್ಲಿ ಬಂದಿತ್ತು.
ಹತ್ತಳ್ಳಿ ಮಾಸ್ತರರು ಕಟ್ಟೆಯ ಮೇಲೆ ಕೂತು ಓದಿ ಹೇಳಿದರು:
ಬಿಳಿ ಅಂಗಿ ಎರಡು, ಖಾಕಿ ಚಡ್ಡಿ ಎರಡು,
ತಾಟು, ತಂಬಿಗೆ, ಬಕೀಟು, ಕೀಲಿ ಇರುವ ಟ್ರಂಕು,
ಎಲ್ಲದರ ಮೇಲೂ ಹುಡುಗನ ನಂಬರು.
ಅರವತ್ತೇಳು, ಅಂದರು.
ತಾಲೂಕಿಗೆ ಎರಡೇ ಸೀಟು, ಅದರಾಗ ಒಂದು ನಮ್ಮ ಉಮದಿಗೆ,
ಅಂತ ಚಹಾ ಆರುವ ತನಕ ಅಂದೇ ಅಂದರು.

ಅವ್ವ ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು.
ಅಂಕಿ ಮರೆತಿರಲಿಲ್ಲ.
ಕೆಂಪು ದಾರದಲ್ಲಿ, ಕೊರಳಪಟ್ಟಿಯ ಒಳಗೆ,
೬೭.
ಟವೆಲ್ಲಿನ ಮೂಲೆಗೆ ೬೭.
ಶೇಂಗಾ ಚಟ್ನಿಯ ಅರಿವೆಚೀಲಕ್ಕೂ ೬೭,
ಅದನ್ನು ಯಾರೂ ಕೇಳಿರಲಿಲ್ಲ.
ಏಳರ ಬಾಲವನ್ನು ಆಕೆ ತುಸು ಜಾಸ್ತಿಯೇ ಎಳೆದಳು,
ರಂಗೋಲಿ ಹಾಕುವ ಕೈ.

ಜತ್ತದ ಆಚೆ ಬೋಳು ಮಾಳ, ಮಾಳದ ಮೇಲೆ ಶಾಲೆ,
ಶಾಲೆಯ ಬೆನ್ನಿಗೆ ಗಾಳಿಗಿರಣಿಗಳ ಸಾಲು.
ನಸುಕಿನ ಐದಕ್ಕೆ ಗಂಟೆ. ಐದೂವರೆಗೆ ಹಾಜರಿ.
ಸದುಸಷ್ಟ!
ಯಾರೂ ಓ ಅನ್ನಲಿಲ್ಲ.
ಸದುಸಷ್ಟ!
ಹಿಂದಿದ್ದವನು ಬೆನ್ನಿಗೆ ಗುದ್ದಿದ.
ಮರಾಠಿ ಅಂಕಿ ನನಗೆ ಐವತ್ತರ ತನಕ ಬರುತ್ತಿದ್ದವು,
ನಾನು ಅದಕ್ಕಿಂತ ಮುಂದೆ ಇದ್ದೆ.

ಶನಿವಾರ ನಿವೃತ್ತಿಮಾಮಾ ಒಗೆದ ಗಂಟು ಬಿಚ್ಚುವ ದಿನ,
ನಂಬರು ಕೂಗುತ್ತ, ಎಸೆಯುತ್ತ.
ಅವ್ವನ ಏಳು ಅವನ ಕಣ್ಣಿಗೆ ಎರಡು.
ನನ್ನ ಅಂಗಿ ಬಾಸಷ್ಟನಿಗೆ ಹೋಯಿತು.
ಪೈಲವಾನರ ಮನೆಯ ಹುಡುಗ,
ಹೆಗಲ ಹೊಲಿಗೆ ಕಿತ್ತುಬರುವ ಹಾಗೆ ತೊಟ್ಟು
ಐತವಾರ ಇಡೀ ಕಬಡ್ಡಿ ಆಡಿದ.
ಅದು ನಂದು, ಅಂದೆ.
ಅಂದದ್ದು ಕನ್ನಡದಲ್ಲಿ.

ಆ ರಾತ್ರಿ ಚಾದರದೊಳಗೆ ಬ್ಯಾಟರಿ ಹಚ್ಚಿಕೊಂಡು
ಕಂಪಾಸಿನ ಮೊನೆಯಿಂದ ಎಳೆ ಎಳೆ ಬಿಚ್ಚಿದೆ.
ನೀಲಿ ಪೆನ್ನಿನಿಂದ ಅವರ ಅಂಕಿ ತಿದ್ದಿದೆ.
ಕೆಂಪು ದಾರದ ಉಂಡೆಯನ್ನು ಎಲ್ಲಿ ಒಗೆಯಬೇಕು ತಿಳಿಯದೆ
ಕಂಪಾಸು ಡಬ್ಬಿಯಲ್ಲೇ ಇಟ್ಟೆ.
ಟವೆಲ್ಲಿನದು ಬಿಚ್ಚಲಿಲ್ಲ.
ಟವೆಲ್ಲು ನಾನೇ ಒಗೆದುಕೊಳ್ಳುತ್ತಿದ್ದೆ.

ದೀಪಾವಳಿ ಸೂಟಿಗೆ ಹೋದಾಗ
ಅವ್ವ ಕೊರಳಪಟ್ಟಿ ತಿರುವಿ ನೋಡಿದಳು.
ದಾರ ಹೋಗಿದ್ದರೂ ಸೂಜಿಯ ತೂತು ಇದ್ದವು,
ಬೆರಳಾಡಿಸಿದರೆ ಓದಲು ಬರುವಷ್ಟು.
"ಟ್ರಂಕಿಗೆ ಇಲಿ ಹತ್ಯಾವೇನೋ?"
"ಹೂಂ."
"ಭಾಳ ಶಾಣ್ಯಾ ಇಲಿ," ಅಂದು ರೊಟ್ಟಿ ಬಡಿಯಲು ಎದ್ದಳು.

ಏಳನೇ ಇಯತ್ತೆಗೆ ಬರುವಷ್ಟರಲ್ಲಿ
ನಾನು ಮರಾಠಿಯಲ್ಲಿ ಬೈಯುತ್ತಿದ್ದೆ, ಮರಾಠಿಯಲ್ಲಿ ಮಗ್ಗಿ ಹೇಳುತ್ತಿದ್ದೆ.
ಭಾಷಣದಲ್ಲಿ ಗೆದ್ದ ಢಾಲು ಆಫೀಸಿನ ಕಪಾಟಿನಲ್ಲಿತ್ತು.
ಜಗದಾಳೆ ಸರ್ ಹೊಸ ಹುಡುಗರಿಗೆ ನನ್ನನ್ನು ತೋರಿಸಿ
ಗಡಿಯ ಹುಡುಗ, ನೋಡಿ, ಅನ್ನುತ್ತಿದ್ದರು.
ನಾನು ನೆಟ್ಟಗೆ ನಿಲ್ಲುತ್ತಿದ್ದೆ.

ಜೂನಿನ ಕಡೆಯ ಶನಿವಾರ
ನಿವೃತ್ತಿಮಾಮಾ ಒಂದು ಅಂಗಿ ಎತ್ತಿ ಹಿಡಿದು, ಅನುಮಾನದಿಂದ,
ಎಕಶೇ ದೋನ್, ಅಂದ.
ನೂರಾ ಎರಡನೆಯವನು ಬಂದು ನೋಡಿ ನಂದಲ್ಲ ಅಂದ.
ವಾರಸರಿಲ್ಲದ ರಾಶಿಗೆ ಬಿತ್ತು ಅಂಗಿ.
ಹಸಿರು ದಾರ. ಬೇರೆ ಯಾವಳೋ ಅವ್ವ.
ಈ ಏಳಕ್ಕೆ ಬಾಲವೇ ಇರಲಿಲ್ಲ.

ಸಾಲಿನ ತುದಿಗೆ ಸಣ್ಣವನೊಬ್ಬ, ಅಮಸಿದ್ಧ ಅಂತ ಆಮೇಲೆ ತಿಳಿಯಿತು,
ಬರೀ ಬನಿಯನ್ನಿನಲ್ಲಿ ನಿಂತಿದ್ದ.
ಕಣ್ಣು ರಾಶಿಯ ಮೇಲೆ. ಬಾಯಿ ಬಿಡಲಿಲ್ಲ.
ನನಗೂ ಬಿಡುವುದು ಬೇಕಿರಲಿಲ್ಲ, ಖರೇ ಹೇಳಬೇಕೆಂದರೆ.
ಢಾಲಿನ ಹುಡುಗ ನಾನು.
ಊಟದ ಗಂಟೆ ಹೊಡೆಯಿತು, ಎಲ್ಲರೂ ತಾಟು ಹಿಡಿದು ಓಡಿದರು.
ಅವ ಓಡಲಿಲ್ಲ.

ನೂರಾ ಏಳು, ಅಂದೆ,
ರಾತ್ರಿ ಟ್ರಂಕು ತೆರೆಯುವಷ್ಟು ಮೆಲ್ಲಗೆ.
ಅವ ಗಕ್ಕನೆ ತಿರುಗಿದ.
ಅಂಗಿ ಇಸಕೊಂಡು, ಮೂಗಿಗೆ ಹಿಡಿದು,
ಸೋಡಾದ ವಾಸನೆಗೆ ಮುಖ ಕಿವಿಚಿ,
"ಅಣ್ಣಾ, ನಿನ್ನ ನಂಬರ್ ಎಷ್ಟು?" ಅಂದ.

ಹೇಳಲು ಹೋದೆ.
ಮೊದಲು ಬಾಯಿಗೆ ಬಂದದ್ದು ಸದುಸಷ್ಟ.